ವಿಜಯನಗರಕ್ಕೆ ಏಳುನೂರು ತುಂಬುವಾಗ ಆನೆಗುಂದಿಗೆ ಏನು ಸಿಗಬೇಕು?

2036ರ ಏಪ್ರಿಲ್ 18ಕ್ಕೆ ವಿಜಯನಗರ ಹುಟ್ಟಿ 700 ವರ್ಷ. ಶಾಲೆಯಲ್ಲಿ ನಾವೆಲ್ಲ ಓದಿದ 1336ರ ಲೆಕ್ಕ ಹಿಡಿದರೆ ಹಾಗಾಗುತ್ತದೆ. ಹತ್ತಿರ ಹತ್ತು ವರ್ಷ ಮೊದಲೇ ಈ ಮಾತು ಯಾಕೆ ಅನ್ನಬಹುದು. ನಮ್ಮ ಕಡೆ ಉತ್ಸವಗಳು ನಡೆಯುವ ರೀತಿ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ದಿನಾಂಕ ಹತ್ತಿರ ಬಂದಾಗ ಪೂರ್ವಭಾವಿ ಸಭೆ, ಅವಸರದಲ್ಲಿ ವೇದಿಕೆ, ಸಂಜೆ ಹಾಡು ಕುಣಿತ, ಮರುದಿನ ಶಾಮಿಯಾನ ಬಿಚ್ಚಿ ಲಾರಿಗೆ ಏರಿಸುವುದು. ಏಳುನೂರು ವರ್ಷದ ಹುಟ್ಟುಹಬ್ಬವೂ ಹೀಗೇ ಮುಗಿದರೆ ದೊಡ್ಡ ನಷ್ಟ. ಆ ನಷ್ಟದಲ್ಲಿ ಜಾಸ್ತಿ ಪಾಲು ಆನೆಗುಂದಿಯದ್ದು.

ಆನೆಗುಂದಿ ಈಗ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ತುಂಗಭದ್ರೆಯ ಉತ್ತರ ದಡದಲ್ಲಿದೆ. ಎದುರು ದಡದಲ್ಲಿ ಹಂಪಿ. ಹಂಪಿ ನೋಡಲು ಬಂದವರು ಸಮಯ ಉಳಿದರೆ ಈ ಕಡೆ ಬರುತ್ತಾರೆ. ರಂಗನಾಥನ ಗುಡಿ, ಗಗನ ಮಹಲ್ ನೋಡಿ, ಅಂಜನಾದ್ರಿ ಹತ್ತಿ ಹೊರಡುತ್ತಾರೆ. ಹಂಪಿಗೆ ಅಂಟಿಕೊಂಡ ಒಂದು ಸಣ್ಣ ಊರು ಅನ್ನುವ ಹಾಗೆ ಆಗಿಬಿಟ್ಟಿದೆ. ಇತಿಹಾಸದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಆನೆಗುಂದಿ ಮೊದಲು, ಆಚೆ ದಡದ ರಾಜಧಾನಿ ಆಮೇಲೆ. 1565ರ ಯುದ್ಧದ ನಂತರ ಆ ರಾಜಧಾನಿ ಹಾಳುಬಿತ್ತು. ಆನೆಗುಂದಿಯಲ್ಲಿ ಇವತ್ತಿಗೂ ಕೋಟೆ ಬಾಗಿಲ ಒಳಗೇ ಜನ ಬದುಕುತ್ತಿದ್ದಾರೆ, ಭತ್ತ ಬೆಳೆಯುತ್ತಿದ್ದಾರೆ, ತೇರು ಎಳೆಯುತ್ತಿದ್ದಾರೆ. 2036ರ ಆಚರಣೆ ಚೆನ್ನಾಗಿ ಆಯಿತೋ ಇಲ್ಲವೋ ಅನ್ನುವುದನ್ನು ಈ ಬದುಕುವ ಊರಿಗೆ ಅದು ಏನು ಬಿಟ್ಟುಹೋಯಿತು ಎಂಬುದರಿಂದಲೇ ಅಳೆಯಬೇಕು. ಈ ಲೇಖನದ ವಾದ ಇಷ್ಟೇ.

ಮೊದಲು ಇತಿಹಾಸಕ್ಕೆ ಬರೋಣ. ವಿಜಯನಗರಕ್ಕಿಂತ ಮುಂಚೆ ಈ ಭಾಗದಲ್ಲಿ ಕಂಪಿಲಿ ರಾಜ್ಯ ಇತ್ತು. ಇಂದಿನ ಬಳ್ಳಾರಿ ಜಿಲ್ಲೆಯ ಕಂಪ್ಲಿ, ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗ, ಆನೆಗುಂದಿ ಎಲ್ಲ ಅದರೊಳಗೇ ಬರುತ್ತಿದ್ದವು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದ ಬಹಾಉದ್ದೀನ್ ಗುರ್ಶಾಸ್ಪ್ ಓಡಿಬಂದಾಗ ಕಂಪಿಲರಾಯ ಆಶ್ರಯ ಕೊಟ್ಟ. ಸುಲ್ತಾನನ ಸೈನ್ಯ ಬೆನ್ನು ಹತ್ತಿ ಬಂತು. ಮನೆಗೆ ಬಂದವನನ್ನು ಒಪ್ಪಿಸಲು ಕಂಪಿಲ ಒಪ್ಪಲಿಲ್ಲ. ಅವನನ್ನು ಹೊಯ್ಸಳರ ಕಡೆಗೆ ಕಳಿಸಿಕೊಟ್ಟು, ತಾನು ಹೋರಾಡಿ ಸತ್ತ. ಇದು ನಡೆದದ್ದು 1327ರ ಹೊತ್ತಿಗೆ. ಆ ರಾಜ್ಯ ಮುಗಿದರೂ ಕಂಪಿಲನ ಮಗ ಕುಮಾರರಾಮನ ಕಥೆ ನಮ್ಮ ಊರುಗಳಲ್ಲಿ ಮುಗಿಯಲಿಲ್ಲ. ಹಾಡಿನಲ್ಲಿ, ಆಟದಲ್ಲಿ, ಗುಡಿಯಲ್ಲಿ ಉಳಿಯಿತು.

ಕಂಪಿಲಿ ಬಿದ್ದ ಆ ಖಾಲಿ ಜಾಗದಲ್ಲೇ ಹರಿಹರ, ಬುಕ್ಕ ಎದ್ದು ನಿಂತರು. ಮೊಲ ಬೇಟೆನಾಯಿಗಳನ್ನು ಅಟ್ಟಿಸಿಕೊಂಡು ಹೋದ ಕಥೆ ಎಲ್ಲರಿಗೂ ಗೊತ್ತು. ಪೋರ್ಚುಗೀಸ್ ಬರಹಗಾರ ನೂನಿಜ್ ಕೂಡ 16ನೇ ಶತಮಾನದಲ್ಲಿ ಅದನ್ನು ಬರೆದಿದ್ದಾನೆ. ಅದರಲ್ಲಿ ಒಂದು ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನ ಪ್ರಕಾರ ರಾಜ ಇದ್ದದ್ದು ಆನೆಗುಂದಿಯಲ್ಲಿ. ಅಲ್ಲಿಂದ ಹೊಳೆ ದಾಟಿ ಆಚೆ ಬೆಟ್ಟಕ್ಕೆ ಬೇಟೆಗೆ ಹೋದ. ಆಗ ಆ ಕಡೆ ಊರೇ ಇರಲಿಲ್ಲ. ಕಥೆ ನಿಜವೋ ಅಲ್ಲವೋ, ದಿಕ್ಕು ಮಾತ್ರ ಸ್ಪಷ್ಟ. ಉತ್ತರ ದಡದಿಂದ ದಕ್ಷಿಣ ದಡಕ್ಕೆ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯಸ್ ಇದನ್ನೇ ಇನ್ನೊಂದು ರೀತಿ ಹೇಳುತ್ತಾನೆ. ಹೊಳೆಯಾಚೆ ಒಂದು ಊರಿದೆ, ಹಿಂದೆ ಅದೇ ರಾಜ್ಯದ ರಾಜಧಾನಿಯಾಗಿತ್ತಂತೆ, ಈಗ ಅಲ್ಲಿ ಜನ ಕಡಿಮೆ, ಗೋಡೆಗಳು ಮಾತ್ರ ಗಟ್ಟಿ ಇವೆ ಎಂದು ಬರೆಯುತ್ತಾನೆ. ಅಂದರೆ ಹಂಪಿ ವೈಭವದ ತುದಿಯಲ್ಲಿದ್ದ ದಿನಗಳಲ್ಲೇ ಆನೆಗುಂದಿ 'ಹಳೇ ರಾಜಧಾನಿ' ಅನ್ನಿಸಿಕೊಂಡಿತ್ತು. ದಾಟುವ ದೋಣಿಯನ್ನೂ ಅವನು ವಿವರಿಸಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ. ಬೇಕಾದರೆ ಕುದುರೆ, ಎತ್ತುಗಳೂ ದಾಟಬಹುದು. ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ. ನಮ್ಮ ಹರಿಗೋಲೇ ಅದು. ಬೆತ್ತದ ಬದಲು ಬಿದಿರು, ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿದೆ. ಕುದುರೆಯ ಜಾಗದಲ್ಲಿ ಬೈಕು ನಿಲ್ಲಿಸಿಕೊಂಡು ದಾಟಿದ್ದನ್ನು ತಳವಾರಘಟ್ಟದ ಕಡೆ ಓಡಾಡಿದವರೆಲ್ಲ ನೋಡಿದ್ದಾರೆ. ಹುಟ್ಟು ಹಾಕುವವನು ಪ್ರವಾಹಕ್ಕೆ ಎದುರಾಗಿ ಸ್ವಲ್ಪ ಮೇಲಕ್ಕೆ ಹೋಗಿ, ಆಮೇಲೆ ನೀರಿನ ಸೆಳೆತಕ್ಕೆ ಬಿಟ್ಟು ಸರಿಯಾಗಿ ಎದುರಿನ ಮೆಟ್ಟಿಲಿಗೆ ತಂದು ನಿಲ್ಲಿಸುತ್ತಾನೆ. ಯಾವ ಬಂಡೆಯ ಹತ್ತಿರ ಸುಳಿ ಇದೆ, ಎಷ್ಟು ನೀರು ಬಂದರೆ ದೋಣಿ ಹಾಕಬಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಈ ತಿಳಿವಳಿಕೆಯೂ ಪರಂಪರೆಯೇ, ಅಲ್ವಾ? ಇದಕ್ಕೆ ಯಾವ ಫಲಕವೂ ಇಲ್ಲ.

ಇನ್ನು ದಿನಾಂಕದ ವಿಷಯ. ಶಕವರ್ಷ 1258, ಧಾತು ಸಂವತ್ಸರ, ವೈಶಾಖ ಶುದ್ಧ ಸಪ್ತಮಿ. ಇದನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ತಂದಾಗ ಸಿಕ್ಕಿದ್ದು 1336ರ ಏಪ್ರಿಲ್ 18. ಇದಕ್ಕೆ ಆಧಾರ ತಾಮ್ರಶಾಸನಗಳು ಮತ್ತು ನಂತರದ ಪರಂಪರೆ. ಆ ತಾಮ್ರಪಟಗಳಲ್ಲಿ ಕೆಲವು ಮುಂದಿನ ಕಾಲದಲ್ಲಿ ಬರೆದವು ಎಂದು ಹಲವು ಇತಿಹಾಸಕಾರರು ಸಂಶಯಪಟ್ಟಿದ್ದಾರೆ. 1346ರ ಶೃಂಗೇರಿ ಶಾಸನ ಅದಕ್ಕಿಂತ ಗಟ್ಟಿ ಸಾಕ್ಷಿ. ಹರಿಹರ ಮತ್ತು ಸಹೋದರರು ಅಲ್ಲಿಗೆ ಹೋಗಿ ದಾನ ಕೊಟ್ಟದ್ದು ಅದರಲ್ಲಿದೆ. ಹಾಗಾಗಿ ಸಾಮ್ರಾಜ್ಯ ನಿಜವಾಗಿ ನೆಲೆಯೂರಿದ್ದು ಆ ಹೊತ್ತಿಗೆ ಎನ್ನುವವರು ಇದ್ದಾರೆ. ಹಾಗಂತ 1336 ಬಿಡಬೇಕು ಅಂತ ನಾನು ಹೇಳುವುದಿಲ್ಲ. ಊರಿನ ಹುಟ್ಟುಹಬ್ಬಕ್ಕೆ ಒಂದು ದಿನ ಬೇಕು, ಜನರ ಮನಸ್ಸಿನಲ್ಲಿ ಕೂತ ದಿನ ಇದು. ಆದರೆ ಮಕ್ಕಳಿಗೆ ಈ ಚರ್ಚೆಯನ್ನೂ ಹೇಳಬೇಕು. ಶಾಸನ ಅಂದರೇನು, ಒಂದು ತಾಮ್ರಪಟವನ್ನು ಯಾಕೆ ನಂಬುತ್ತಾರೆ, ಯಾಕೆ ನಂಬುವುದಿಲ್ಲ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಗಂಗಾವತಿ, ಕೊಪ್ಪಳದ ಶಾಲೆಗಳಿಗೆ ಸಿಗುವುದಿಲ್ಲ.

ಇಂಥ ಆಚರಣೆ ಒಮ್ಮೆ ನಡೆದಿದೆ ಕೂಡ. 1936ರಲ್ಲಿ ಆರುನೂರು ತುಂಬಿದಾಗ ಧಾರವಾಡದಲ್ಲಿ ಅದಕ್ಕೆಂದೇ ಒಂದು ಸಂಘ ಕಟ್ಟಿ, ವಿದ್ವಾಂಸರಿಂದ ಲೇಖನ ಬರೆಸಿ, ದಪ್ಪ ಸ್ಮರಣ ಸಂಪುಟ ತಂದರು. ಇತಿಹಾಸ ಓದುವವರು ಇಂದಿಗೂ ಅದನ್ನು ತಿರುವಿಹಾಕುತ್ತಾರೆ. ಆಗಿನ ನಕ್ಷೆಯನ್ನು ಒಮ್ಮೆ ನೆನೆಸಿಕೊಳ್ಳಿ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿ. ಹಂಪಿ ಮದ್ರಾಸ್ ಪ್ರಾಂತ್ಯದಲ್ಲಿ. ಆನೆಗುಂದಿ ನಿಜಾಮರ ಹೈದರಾಬಾದಿನಲ್ಲಿ. ಆ ಮೂರು ಕಡೆಯ ಕನ್ನಡಿಗರಿಗೂ ವಿಜಯನಗರ ತಮ್ಮದು ಅನ್ನಿಸಿದ ಕಾಲ ಅದು. ಏಕೀಕರಣದ ಹಂಬಲಕ್ಕೆ ಈ ನೆನಪು ಬಲ ಕೊಟ್ಟಿತು. 1936ರ ಆಚರಣೆಯ ಹಿಂದೆ ಒಂದು ಗುರಿ ಇತ್ತು. 2036ಕ್ಕೆ ಗುರಿ ಏನು ಎಂದು ಕೇಳಿದರೆ ಸದ್ಯಕ್ಕೆ ಉತ್ತರ ಇಲ್ಲ.

ಆ ನಕ್ಷೆಯ ಗೆರೆ ಇವತ್ತಿಗೂ ಪೂರ್ತಿ ಅಳಿಸಿಲ್ಲ ಎಂಬುದೇ ಮುಖ್ಯ ತೊಡಕು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಅಲ್ಲಿಂದ ತುಂಗಭದ್ರೆ ಗಡಿಯಾಯಿತು. ಒಂದೇ ರಾಜಧಾನಿಯ ಎರಡು ಭಾಗ ಒಂದೂವರೆ ಶತಮಾನ ಎರಡು ಸರ್ಕಾರದ ಕೈಯಲ್ಲಿತ್ತು. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ನಮ್ಮ ದಡ ಸೇರಿದ್ದು 1956ರ ನವೆಂಬರ್ 1ಕ್ಕೆ. ರಾಜ್ಯ ಒಂದಾದರೂ ಜಿಲ್ಲೆ ಬೇರೆಯೇ ಉಳಿಯಿತು. ಆನೆಗುಂದಿ ರಾಯಚೂರು ಜಿಲ್ಲೆಯಲ್ಲಿತ್ತು, 1997ರಲ್ಲಿ ಕೊಪ್ಪಳ ಜಿಲ್ಲೆಗೆ ಬಂತು. ಹಂಪಿ ಬಳ್ಳಾರಿಯಲ್ಲಿತ್ತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಬೆಳೆದ ಹಂಪಿ ಉತ್ಸವ ನಾಡಹಬ್ಬದಷ್ಟು ದೊಡ್ಡದಾಯಿತು. ಆನೆಗುಂದಿ ಉತ್ಸವ ಒಂದು ವರ್ಷ ಆದರೆ ಇನ್ನೊಂದು ವರ್ಷ ಇಲ್ಲ. ಎರಡು ಜಿಲ್ಲಾಡಳಿತ, ಎರಡು ಬಜೆಟ್, ಎರಡು ವೇದಿಕೆ. ಊರು ಒಂದೇ.

ಎರಡೂ ದಡವನ್ನು ಒಟ್ಟಿಗೆ ನೋಡುವ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಹಂಪಿ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. 2002ರ ಕಾಯ್ದೆಯ ಪ್ರಕಾರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಒಳಗಿನ ಮುಖ್ಯ ವಲಯವೇ 41 ಚದರ ಕಿ.ಮೀ.ಗೂ ಜಾಸ್ತಿ. ಸುತ್ತಲಿನ ರಕ್ಷಣಾ ವಲಯ ಸೇರಿಸಿದರೆ 236 ಚದರ ಕಿ.ಮೀ. ಇದರಲ್ಲಿ ಗಂಗಾವತಿ ಕಡೆಯ ಹಳ್ಳಿಗಳೂ ಬರುತ್ತವೆ. ಅಂದರೆ ನಿಯಮ ಎರಡೂ ದಡಕ್ಕೆ ಒಂದೇ, ಲಾಭ ಮಾತ್ರ ಒಂದೇ ದಡಕ್ಕೆ ಜಾಸ್ತಿ. ಆನೆಗುಂದಿಯಲ್ಲಿ ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಹಾಕಿಸಬೇಕು ಅಂದರೂ ಒಪ್ಪಿಗೆಗೆ ಅಲೆಯಬೇಕು ಎಂಬ ಮಾತು ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಸಾಮಾನ್ಯ. ಸ್ಮಾರಕ ಉಳಿಸಲು ನಿಯಮ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಂಡಕಂಡಲ್ಲಿ ರೆಸಾರ್ಟ್ ಎದ್ದರೆ ಏನಾಗುತ್ತದೆ ಎಂಬುದಕ್ಕೆ ಹೊಳೆ ನಡುವಿನ ವಿರುಪಾಪುರಗಡ್ಡೆ ಕಣ್ಣಮುಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಲಾಯಿತು. ಆದರೆ ಹಂಚಿನ ಮನೆಯನ್ನು ಹಂಚಿನ ಮನೆಯಾಗಿಯೇ ರಿಪೇರಿ ಮಾಡಿಸಿಕೊಳ್ಳುವವನಿಗೂ, ನದಿ ಪಕ್ಕ ಹೊಸ ಕಾಂಕ್ರೀಟ್ ಎಬ್ಬಿಸುವವನಿಗೂ ಒಂದೇ ಸಾಲಿನಲ್ಲಿ ನಿಲ್ಲಿ ಎಂದರೆ ಸರಿಯಲ್ಲ. ಹಳೇ ಮನೆ ಉಳಿಸಿಕೊಂಡವರಿಗೆ ಬೇಗ ಒಪ್ಪಿಗೆ, ಸುಣ್ಣ ಗಾರೆಯ ಕೆಲಸಕ್ಕೆ ಸಹಾಯಧನ, ಇಂಥದ್ದನ್ನು ನಿಯಮದಲ್ಲಿ ಬರೆಯುವುದು ಕಷ್ಟವೇನಲ್ಲ.

ಸೇತುವೆಯ ಕಥೆ ಇನ್ನೂ ನೋವಿನದು. ವಿಜಯನಗರದ ಕಾಲದಲ್ಲೇ ಇಲ್ಲಿ ಕಲ್ಲಿನ ಸೇತುವೆ ಇತ್ತು. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಅದರ ಕಂಬಗಳ ಸಾಲು ಈಗಲೂ ಕಾಣುತ್ತದೆ. ನಮ್ಮ ಕಾಲದಲ್ಲಿ ಆನೆಗುಂದಿಗೆ ಕಟ್ಟಲು ಹೊರಟ ಹೊಸ ಸೇತುವೆ ಪರಂಪರೆಗೆ ಧಕ್ಕೆ ಎಂಬ ಆಕ್ಷೇಪಕ್ಕೆ ಸಿಕ್ಕಿತು. 1999ರಲ್ಲಿ ಹಂಪಿಯನ್ನು ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಲು ಇಲ್ಲಿನ ಸೇತುವೆ ಕೆಲಸಗಳೇ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂದೆವು. ಮತ್ತೆ ಕೆಲಸ ನಡೆಯುತ್ತಿದ್ದಾಗ 2009ರ ಜನವರಿಯಲ್ಲಿ ಸೇತುವೆ ಕುಸಿದುಬಿತ್ತು. ಕಾರ್ಮಿಕರು ಜೀವ ಕಳೆದುಕೊಂಡರು. ಆಮೇಲೆ ಕೆಳಗಡೆ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆ ಬಂತು, ಸುತ್ತು ಕಡಿಮೆಯಾಯಿತು. ಆದರೂ ಎದುರಿಗೆ ಕಾಣುವ ಊರಿಗೆ ಸುತ್ತಿಯೇ ಹೋಗಬೇಕು. ಇಲ್ಲಿ ಹೊಸ ಕಾಂಕ್ರೀಟ್ ಬೇಡ, ಸರಿ. ಹಾಗಾದರೆ ಇರುವ ದಾಟುವ ವ್ಯವಸ್ಥೆಯನ್ನಾದರೂ ಗೌರವದಿಂದ ನಡೆಸಬೇಕು. ನಿಗದಿತ ದರ, ಲೈಫ್ ಜಾಕೆಟ್, ಎರಡೂ ಕಡೆ ನೆರಳು, ಗಟ್ಟಿ ಮೆಟ್ಟಿಲು, ಅಂಬಿಗರಿಗೆ ವಿಮೆ. ಹರಿಗೋಲು ಹೆಣೆಯುವ ಕೆಲಸವನ್ನು ಹುಡುಗರಿಗೆ ಕಲಿಸಲು ಒಂದು ಚಪ್ಪರ.

ಪರಂಪರೆ ಅಂದಾಗ ಎಲ್ಲರೂ ಕಲ್ಲಿನ ರಥ, ಕಮಲ ಮಹಲ್ ನೆನೆಯುತ್ತಾರೆ. ನನ್ನನ್ನು ಕೇಳಿದರೆ ವಿಜಯನಗರ ಬಿಟ್ಟುಹೋದ ಅತಿ ದೊಡ್ಡ ಆಸ್ತಿ ಕಾಲುವೆಗಳು. ರಾಯ, ಬಸವಣ್ಣ, ತುರ್ತು, ಕಂಪ್ಲಿ, ಸಿರುಗುಪ್ಪ ಕಾಲುವೆಗಳು ಆಚೆ ದಡಕ್ಕೆ. ಹುಲಿಗಿ, ಶಿವಪುರ, ಆನೆಗುಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ ಕಾಲುವೆಗಳು ಈಚೆ ದಡಕ್ಕೆ. ಹೊಳೆಗೆ ಅಡ್ಡಲಾಗಿ ದೊಡ್ಡ ಕಲ್ಲು ಜೋಡಿಸಿ ಒಡ್ಡು ಹಾಕಿದರು. ಬಂಡೆ ಇದ್ದ ಕಡೆ ಬಂಡೆಯನ್ನೇ ಗೋಡೆ ಮಾಡಿಕೊಂಡರು. ಒಡ್ಡು ಎತ್ತರ ಇಲ್ಲ. ಪ್ರವಾಹ ಬಂದರೆ ನೀರು ಮೇಲಿಂದ ಹಾರಿ ಹೋಗುತ್ತದೆ, ಒಡ್ಡಿನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಹೊಳೆ ಇಳಿದಾಗ ಮಾತ್ರ ಅದು ನೀರನ್ನು ತಡೆದು ಕಾಲುವೆಗೆ ತಿರುಗಿಸುತ್ತದೆ. ಕಿತ್ತುಹೋದ ಕಲ್ಲನ್ನು ಮತ್ತೆ ಕೂರಿಸುವುದು ಊರವರ ಕೆಲಸವಾಗಿತ್ತು. ಗಟ್ಟಿತನದ ಗುಟ್ಟು ಇರುವುದು ಕಲ್ಲಿನಲ್ಲಷ್ಟೇ ಅಲ್ಲ, ಆ ನಿಲ್ಲದ ರಿಪೇರಿಯಲ್ಲಿ.

ಆನೆಗುಂದಿಯಿಂದ ಗಂಗಾವತಿ ಕಡೆಗೆ ಹೊರಟರೆ ಇದು ಕಣ್ಣಿಗೇ ಕಾಣುತ್ತದೆ. ಎಡಕ್ಕೆ ಒಣಗಿದ ಬಂಡೆಗುಡ್ಡ, ಹುಲ್ಲೂ ಇಲ್ಲ. ಬಲಕ್ಕೆ ಕಾಲುವೆ, ಅದರ ಕೆಳಗೆ ಭತ್ತದ ಗದ್ದೆ, ಬಾಳೆ ತೋಟ. ಮಡಿಯಲ್ಲಿ ನಿಂತ ಹೆಣ್ಣುಮಕ್ಕಳು ಬಗ್ಗಿ ನಾಟಿ ಹಚ್ಚುತ್ತಿರುತ್ತಾರೆ. ನೀರು ತಿರುಗಿಸುವವನು ಸಲಿಕೆ ಹೆಗಲ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ಬರುತ್ತಾನೆ. ಗಂಗಾವತಿಯನ್ನು ಭತ್ತದ ಕಣಜ ಅನ್ನುತ್ತೇವೆ. ತುಂಗಭದ್ರಾ ಅಣೆಕಟ್ಟಿಗೆ ಶತಮಾನಗಳ ಮೊದಲೇ ಹೊಳೆದಂಡೆಯ ಈ ಪಟ್ಟಿಯಲ್ಲಿ ಆ ಕಣಜಕ್ಕೆ ಬುನಾದಿ ಬಿದ್ದಿತ್ತು. ಆದರೂ ಹೆರಿಟೇಜ್ ನಡಿಗೆ, ಗೈಡ್‌ಗಳ ಮಾತು, ಉತ್ಸವದ ಆಹ್ವಾನಪತ್ರಿಕೆ ಎಲ್ಲಿಯೂ ಕಾಲುವೆಗೆ ಜಾಗ ಕಡಿಮೆ. ಕಾಲುವೆಗಳನ್ನು ಆಧುನಿಕಗೊಳಿಸುವ ಕೆಲಸ ಈಚೆಗೆ ನಡೆದಿದೆ. ನೀರು ಸೋರುವುದು ನಿಲ್ಲಬೇಕು, ಒಪ್ಪುತ್ತೇನೆ. ಕಾಂಕ್ರೀಟ್ ಹಾಕುವಾಗ ಹಳೇ ಕಲ್ಲಿನ ತೂಬು, ಮೆಟ್ಟಿಲು, ಶಾಸನ ಎಲ್ಲಿತ್ತು ಎಂದು ಯಾರು ಬರೆದಿಟ್ಟುಕೊಂಡರು? ಏಳುನೂರನೇ ವರ್ಷಕ್ಕೆ ಮೊದಲು ಪ್ರತಿ ಕಾಲುವೆಯನ್ನು ಒಡ್ಡಿನಿಂದ ಕೊನೆಯ ಗದ್ದೆಯವರೆಗೆ ನಡೆದು, ಅಳೆದು, ಫೋಟೊ ತೆಗೆದು ದಾಖಲಿಸಬೇಕು. ಗದ್ದೆಗೆ ನೀರು ತಿರುಗಿಸುವ ನೀರುಗಂಟಿಗಳ ಮಾತನ್ನು ರೆಕಾರ್ಡ್ ಮಾಡಬೇಕು. ವಯಸ್ಸಾದವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಹೊಳೆಯ ಇಂದಿನ ಸ್ಥಿತಿಯನ್ನು ಬಿಟ್ಟು ಹೊಳೆಯೂರಿನ ಹಬ್ಬ ಮಾಡಲಾಗದು. 1953ರಲ್ಲಿ ಶುರುವಾದ ತುಂಗಭದ್ರಾ ಜಲಾಶಯದಲ್ಲಿ ಮೊದಲಿಗೆ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ 106 ಟಿಎಂಸಿಯ ಹತ್ತಿರ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದ್ದನ್ನು ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಉಸಿರು ಬಿಗಿಹಿಡಿದು ನೋಡಿದರು. ಇನ್ನೊಂದು ಕಡೆ, ಜಲಾಶಯ ತುಂಬಿ ನೀರು ಬಿಟ್ಟಾಗೆಲ್ಲ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಆನೆಗುಂದಿ ಪಕ್ಕದ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ ಹೋಗುವ ದೋಣಿ ನಿಂತುಹೋಗುತ್ತದೆ. ಕಂಪ್ಲಿ ಸೇತುವೆಯ ಮೇಲೆ ನೀರು ಬಂದು ಗಂಗಾವತಿ ರಸ್ತೆ ಕಟ್ಟಾಗುತ್ತದೆ. ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ಬಂಡೆ ಬಿಟ್ಟರೆ ಅಲ್ಲಲ್ಲಿ ಹಸಿರು ಪಾಚಿಗಟ್ಟಿದ ಗುಂಡಿಗಳು. ಊರಿನ ಹುಟ್ಟುಹಬ್ಬದ ಖರ್ಚಿನಲ್ಲಿ ಹೊಳೆಗೆ ಸೇರುವ ಕೊಳಚೆ ತಡೆಯುವುದಕ್ಕೆ ಪಾಲು ಇಲ್ಲದಿದ್ದರೆ ಆ ಲೆಕ್ಕ ಸರಿಯಿಲ್ಲ.

ಹಬ್ಬ ಮಾಡಿಯೂ ಏನನ್ನಾದರೂ ಉಳಿಸಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ನೋಡಿ. ಊರೂರಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬ ರೊಟ್ಟಿ, ಮಾದಲಿ, ಕಾಳುಕಡಿ ಬರುತ್ತದೆ. ಲಕ್ಷಾಂತರ ಜನ ದಾಸೋಹದಲ್ಲಿ ಉಣ್ಣುತ್ತಾರೆ. ಜೊತೆಗೆ ವರ್ಷಕ್ಕೊಂದು ಸಾಮಾಜಿಕ ವಿಷಯ ಹಿಡಿದು ಜಾಗೃತಿ ಮಾಡುತ್ತಾರೆ. 2019ರಲ್ಲಿ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದರು. ಜಾಲಿ, ಜೇಕು, ಕಸ ತುಂಬಿದ್ದ ಹಳ್ಳವನ್ನು ಜನರನ್ನು ಸೇರಿಸಿಕೊಂಡು 20 ಕಿ.ಮೀ.ಗೂ ಹೆಚ್ಚು ದೂರ ಸ್ವಚ್ಛ ಮಾಡಿಸಿದರು. ಹಿರೇಹಳ್ಳ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಜನ ಬಂದದ್ದು ಯಾಕೆ? ಅದು ತಮ್ಮ ಜಾತ್ರೆ, ತಮ್ಮ ಹಳ್ಳ ಅನ್ನಿಸಿದ್ದಕ್ಕೆ. ಆನೆಗುಂದಿ ಉತ್ಸವದಲ್ಲಿ ಆನೆಗುಂದಿಯವರು ಕುರ್ಚಿ ಮೇಲೆ ಕೂತು ನೋಡುವವರಷ್ಟೇ ಆದರೆ ಆ ಭಾವನೆ ಬರುವುದಿಲ್ಲ. 1997ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಕೆಲಸದಿಂದ ಊರಿನ ಹೆಣ್ಣುಮಕ್ಕಳ ಕೈಗೆ ದುಡಿಮೆ ಕೊಟ್ಟಿದೆ. ಗೊನೆ ಕಡಿದ ಮೇಲೆ ಬಿಸಾಡುವ ದಿಂಡಿನಿಂದ ಚೀಲ, ಚಾಪೆ ಆಗುತ್ತದೆ. ಪರಂಪರೆಯ ದುಡ್ಡು ಅಡುಗೆಮನೆ ಮುಟ್ಟುವ ದಾರಿ ಇಂಥದ್ದು.

ಅಂಜನಾದ್ರಿಯ ವಿಷಯ ಬೇರೆಯೇ ಚರ್ಚೆ. 575 ಮೆಟ್ಟಿಲಿನ ಆ ಬೆಟ್ಟಕ್ಕೆ ಹನುಮಮಾಲೆಯ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸರ್ಕಾರದ ಗಮನ, ಹಣ ಎರಡೂ ಸಹಜವಾಗಿ ಅತ್ತ ಹೋಗುತ್ತಿವೆ. ಭಕ್ತರಿಗೆ ಸೌಲಭ್ಯ ಬೇಕು. ಅದರ ನಡುವೆ ಕೆಲವೇ ಕಿ.ಮೀ. ದೂರದ ಕೋಟೆಯೂರು ಪಾರ್ಕಿಂಗ್ ಜಾಗ ಆಗಿಬಿಡಬಾರದು ಎಂಬುದಷ್ಟೇ ನನ್ನ ಕಾಳಜಿ.

ಇನ್ನೊಂದು ಮಾತು. ಈ ಸೀಮೆಯ ವಯಸ್ಸು ಏಳುನೂರಕ್ಕೆ ನಿಲ್ಲುವುದಿಲ್ಲ. ಆನೆಗುಂದಿ ಹತ್ತಿರದ ಒನಕೆ ಕಿಂಡಿಯ ಬಂಡೆಗಳ ಮೇಲೆ ಆದಿಮಾನವರ ಚಿತ್ರಗಳಿವೆ. ಹಿರೇಬೆಣಕಲ್ ಗುಡ್ಡದಲ್ಲಿ ಮೋರೇರ ಮನೆಗಳು ಎಂದು ಜನ ಕರೆಯುವ ನೂರಾರು ಬೃಹತ್ ಶಿಲಾಗೋರಿಗಳಿವೆ. 2021ರಲ್ಲಿ ಅವು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿವೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಹರಿಹರ, ಬುಕ್ಕರು ಬರುವ ಹೊತ್ತಿಗೆ ಈ ಹೊಳೆದಂಡೆ ಆಗಲೇ ಹಳೇದು. 2036ರ ಆಚರಣೆ ಈ ಉದ್ದ ಕಾಲವನ್ನು ಒಳಗೆ ಮಾಡಿಕೊಳ್ಳಲಿ. ಒಬ್ಬ ರಾಜನ, ಒಂದು ಗುಂಪಿನ ಹಬ್ಬವಾಗಿ ಸಣ್ಣದಾಗದಿರಲಿ. ಕಾಲುವೆ ತೋಡಿದವರು, ಕಲ್ಲು ಕಡಿದವರು, ಹುಟ್ಟು ಹಾಕಿದವರು, ಗುಡಿ ಮಸೀದಿ ಮಠ ನಡೆಸಿದವರು ಎಲ್ಲರ ಊರಿದು.

ಶುರು ಎಲ್ಲಿಂದ? ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳು ಸೇರಿ ಒಂದೇ ಸಮಿತಿ ಮಾಡಬೇಕು. ಕಂಪ್ಲಿಯ ಸಲುವಾಗಿ ಬಳ್ಳಾರಿಯೂ ಅದರಲ್ಲಿರಬೇಕು. ಆನೆಗುಂದಿ ಪಂಚಾಯಿತಿ, ಅಂಬಿಗರು, ಕಾಲುವೆಯ ರೈತರು ಅದರಲ್ಲಿ ಸದಸ್ಯರಾಗಬೇಕು. ಬರೀ ಆಹ್ವಾನಿತರಾಗಿ ಅಲ್ಲ. ಸಮಿತಿಯ ಹಣವನ್ನು ಹತ್ತು ವರ್ಷಕ್ಕೆ ಹಂಚಿ ಖರ್ಚು ಮಾಡಬೇಕು. ಮೊದಲ ಎರಡು ವರ್ಷ ಕಾಲುವೆ ಮತ್ತು ಮನೆಗಳ ದಾಖಲೆಗೆ. ಆಮೇಲೆ ದಾಟುವ ಘಟ್ಟ, ಕೋಟೆ ಬಾಗಿಲು, ಊರೊಳಗಿನ ಚರಂಡಿಗೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ದಾಖಲೆಯ ಕೆಲಸಕ್ಕೆ ಅಲ್ಲಿನ ಇತಿಹಾಸ, ಶಾಸನಶಾಸ್ತ್ರ ಓದುವ ಹುಡುಗ ಹುಡುಗಿಯರನ್ನು ಹಚ್ಚಿದರೆ ಅವರಿಗೂ ಕಲಿಕೆ, ಊರಿಗೂ ಉಪಯೋಗ. ವೇದಿಕೆ, ದೀಪಾಲಂಕಾರದ ಮಾತು ಕೊನೆಯ ವರ್ಷಕ್ಕಿರಲಿ. ಏಪ್ರಿಲ್ 18 ನಮ್ಮ ಕಡೆ ಕೆಟ್ಟ ಬಿಸಿಲಿನ ದಿನ. ಆವತ್ತು ಬೆಳಿಗ್ಗೆ ಆನೆಗುಂದಿಯಲ್ಲಿ ಒಂದು ಸರಳ ಕಾರ್ಯಕ್ರಮ ಸಾಕು. ದೊಡ್ಡ ಉತ್ಸವವನ್ನು ಚಳಿಗಾಲಕ್ಕೆ ಇಟ್ಟುಕೊಂಡು, ಒಂದು ದಿನ ಈ ದಡದಲ್ಲಿ, ಒಂದು ದಿನ ಆ ದಡದಲ್ಲಿ ನಡೆಸಬಹುದು.